ಕೋವಿ ಮನೆಗೊಂದು, ಕಾಡತೂಸು ಎಣಿಸಿ ಎರಡು!

ಕೈಲ್ ಮುಹೂರ್ತ ಬಂತೆಂದರೆ ಕೊಡಗಿನಲ್ಲಿ ಕೋವಿಗೆ ಜೀವ ಬರುತ್ತದೆ. ವರ್ಷವಿಡೀ ಗೋಡೆಗೆ ಒರಗಿದ್ದ ಕೋವಿ ಕೆಳಗಿಳಿಯುತ್ತದೆ, ಎಣ್ಣೆ ಕಾಣುತ್ತದೆ, ಕನ್ನಿಕೋಂಬರೆಯಲ್ಲಿ ದೀಪದ ಮುಂದೆ ಕೂರುತ್ತದೆ, ತೋಕ್ ಪೂ ಮುಡಿಯುತ್ತದೆ. ಕಡಂಬುಟ್ಟು, ಪಂದಿ ಕರಿ ಊಟ ಮುಗಿದ ಮೇಲೆ ಊರ ಮೈದಾನಕ್ಕೆ ಸವಾರಿ. ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು. ಒಡೆದವನಿಗೆ ಬಹುಮಾನ, ಒಡೆಯದವನಿಗೆ ಭುಜನೋವು!

ಈ ಭುಜನೋವಿನ ಮಾತು ಮಾತ್ರ ನಕ್ಕು ಬಿಡುವಂಥದ್ದಲ್ಲ. ಮನೆಮನೆಯಲ್ಲಿ ಕೋವಿ ಇರುವ ಜಿಲ್ಲೆ ಎಂದು ಎದೆತಟ್ಟಿ ಹೇಳಿಕೊಳ್ಳುವ ಜಾಗದಲ್ಲಿ, ಕೋವಿ ಹಿಡಿಯುವ ಕೈಗೆ ವರ್ಷಕ್ಕೆ ಸಿಗುವ ಅಭ್ಯಾಸ ಎಷ್ಟು? ಬಹಳ ಮನೆಗಳಲ್ಲಿ ಒಂದು ಗುಂಡು, ಹೆಚ್ಚೆಂದರೆ ಎರಡು. ಹಬ್ಬಕ್ಕೊಂದು, ಪುತ್ತರಿಗೆ ಕದಿರು ಕೊಯ್ಯುವಾಗ ಇನ್ನೊಂದು. ಉಳಿದ ದಿನ ಕೋವಿ ಮೌನ. ಕಾರಣ ಕೇಳಿದರೆ ಉತ್ತರ ಒಂದೇ: ಕಾಡತೂಸು ದುಬಾರಿ ಕಣ್ರೀ!

ದುಬಾರಿ ಎನ್ನುವುದು ಸುಳ್ಳಲ್ಲ. ಆದರೆ ಅದಕ್ಕೆ ಕಂಡುಕೊಂಡಿರುವ ದಾರಿ ತಪ್ಪು. ಅಭ್ಯಾಸ ಬಿಟ್ಟು ಬರೀ ಹಬ್ಬದ ದಿನ ಭಾರಿ ಕಾಡತೂಸು ತುಂಬಿ ಹಾರಿಸುವುದು ಉಳಿತಾಯವಲ್ಲ, ಅಪಾಯ. ಹೆಗಲಿಗೂ ಅಪಾಯ, ಪಕ್ಕದಲ್ಲಿ ನಿಂತವರಿಗೂ ಅಪಾಯ, ಕಡೆಗೆ ಕೋವಿಯ ಹಕ್ಕಿಗೂ ಅಪಾಯ.

ಹಕ್ಕು ಇದೆ, ಗಡುವೂ ಇದೆ

ಕೊಡಗಿನ ಕೋವಿಯ ಹಕ್ಕು ನಿನ್ನೆ ಮೊನ್ನೆಯದಲ್ಲ. 1857ರ ದಂಗೆಯ ನಂತರ ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಂಡ ಬ್ರಿಟಿಷ್ ಸರ್ಕಾರ, ಕೊಡವರನ್ನು ಮಾತ್ರ 1861ರಲ್ಲಿ ಅದರಿಂದ ಹೊರಗಿಟ್ಟಿತು. ಆಗ ಇಲ್ಲಿನ ಆಡಳಿತ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೈಯಲ್ಲಿತ್ತು. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆ ಬಂದ ಮೇಲೂ ವಿನಾಯಿತಿ ಮುಂದುವರಿಯಿತು. ಕೊಡವರಿಗೆ ಮಾತ್ರವಲ್ಲ, ಜಮ್ಮಾ ಹಿಡುವಳಿದಾರರಿಗೂ ಅದು ಅನ್ವಯ. ಜಮ್ಮಾ ಭೂಮಿ ಇರುವ ಬೇರೆ ಜನಾಂಗದವರೂ ಇದರೊಳಗೆ ಬರುತ್ತಾರೆ ಎಂಬುದನ್ನು ಪೇಟೆಯ ಎಷ್ಟೋ ಮಂದಿ ಮರೆತೇಬಿಡುತ್ತಾರೆ.

2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಇಲಾಖೆ ಈ ವಿನಾಯಿತಿಯನ್ನು 10 ವರ್ಷಕ್ಕೆ ವಿಸ್ತರಿಸಿತು. ಅಂದರೆ 2029ರ ಅಕ್ಟೋಬರ್ 31ರವರೆಗೆ. ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರೂ ಇದ್ದರು. ಕರ್ನಾಟಕ ಹೈಕೋರ್ಟು 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಇದು ಕೊನೆಯಿಲ್ಲದ ವಿನಾಯಿತಿಯಲ್ಲ, ಗೊತ್ತಾದ ಅವಧಿಗೆ ಕೊಟ್ಟದ್ದು ಎಂಬ ಮಾತೂ ಆ ತೀರ್ಪಿನಲ್ಲಿತ್ತು.

ಅಂದಮೇಲೆ ಗಡುವು ಇದೆ. ಗಡುವು ಬಂದಾಗ ದಿಲ್ಲಿಯಲ್ಲಿ ಫೈಲು ಮತ್ತೆ ತೆರೆಯುತ್ತದೆ. ಆಗ ಹಳೆಯ ಶೌರ್ಯದ ಕಥೆ ಒಂದೇ ಸಾಲದು. ಕೋವಿಯನ್ನು ಜನ ಹೇಗೆ ಬಳಸಿದರು ಎಂಬುದೂ ತಕ್ಕಡಿಗೆ ಬೀಳುತ್ತದೆ.

ಇನ್ನೊಂದು ವಿಷಯ. ವಿನಾಯಿತಿ ಇರುವುದು ಲೈಸೆನ್ಸಿನಿಂದ, ಜವಾಬ್ದಾರಿಯಿಂದಲ್ಲ. 2019ರ ತಿದ್ದುಪಡಿ ಕಾಯಿದೆಯಲ್ಲಿ ಹೊಸ ಮಾತು ಸೇರಿತು. ಮದುವೆ, ಜಾತ್ರೆ, ಸಮಾರಂಭಗಳಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸಜೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಎಂಬ ಪದ್ಧತಿ ಇರುವ ನಾಡಿಗೆ ಈ ಕಲಮು ಗೊತ್ತಿರಬೇಕು. ಪದ್ಧತಿ ನಡೆಸಲಿ, ಬೇಡ ಅಂದವರಾರು? ಆದರೆ ನಳಿಗೆ ಯಾವ ಕಡೆ ಇದೆ ಎಂದು ನೋಡಿ ನಡೆಸಲಿ.

ಕಾಡತೂಸು ಯಾಕೆ ತುಟ್ಟಿ?

ಬೇಟೆಯ ಕಾಲ ಮುಗಿದು ಅರ್ಧ ಶತಮಾನವಾಯಿತು. 1972ರ ವನ್ಯಜೀವಿ ರಕ್ಷಣಾ ಕಾಯಿದೆ ಬಂದ ಮೇಲೆ ಕಾಡಿನ ಬೇಟೆ ಕಾನೂನಿನ ಹೊರಗಾಯಿತು. ಕಾಡುಹಂದಿ ಗದ್ದೆ ಹಾಳು ಮಾಡಿದರೂ ಅಧಿಕಾರಿಗಳ ಅನುಮತಿ ಇಲ್ಲದೆ ಕೈಯೆತ್ತುವಂತಿಲ್ಲ. ಹೀಗಾಗಿ ಕಾಡತೂಸು ಕೊಳ್ಳುವವರೆಂದರೆ ಹಬ್ಬದವರು, ಸ್ಪರ್ಧೆಯವರು, ತೋಟ ಕಾಯುವವರು. ಗಿರಾಕಿ ಕಡಿಮೆಯಾದ ಸರಕು ಅಗ್ಗವಾದದ್ದನ್ನು ಯಾವ ಅಂಗಡಿಯವ ಕಂಡಿದ್ದಾನೆ?

ಹೊರದೇಶದ ಮಾಲು ತರೋಣವೆಂದರೆ 1980ರ ದಶಕದಿಂದ ಸಾಮಾನ್ಯ ಜನರಿಗೆ ಆಮದಿನ ಬಾಗಿಲು ಮುಚ್ಚಿದೆ. ಹೆಸರಾಂತ ಶೂಟರುಗಳಿಗೆ, ಸ್ಪರ್ಧೆಯ ಸಂಸ್ಥೆಗಳಿಗೆ ಮಾತ್ರ ಅವಕಾಶ. ಉಳಿದವರಿಗೆ ಬಹುಕಾಲ ಒಂದೇ ಗತಿ: ಪುಣೆ ಹತ್ತಿರ ಖಡ್ಕಿಯಲ್ಲಿ 1869ರಲ್ಲಿ ಶುರುವಾದ ಸರ್ಕಾರಿ ಮದ್ದುಗುಂಡಿನ ಕಾರ್ಖಾನೆ. ಅಲ್ಲಿಂದ ಬಂದ ‘ಶಕ್ತಿಮಾನ್’ ಹೆಸರಿನ 12 ಬೋರ್ ಕಾಡತೂಸು ಕೊಡಗಿನ ಹಳಬರಿಗೆಲ್ಲ ಪರಿಚಯ. 2021ರ ಅಕ್ಟೋಬರ್‌ನಲ್ಲಿ ಆರ್ಡನೆನ್ಸ್ ಫ್ಯಾಕ್ಟರಿ ಬೋರ್ಡು ಮುರಿದು ಏಳು ಸರ್ಕಾರಿ ಕಂಪನಿಗಳಾದವು, ಖಡ್ಕಿ ಕಾರ್ಖಾನೆ ಮ್ಯುನಿಷನ್ಸ್ ಇಂಡಿಯಾ ಕಂಪನಿಗೆ ಸೇರಿತು. ಬೋರ್ಡು ಬದಲಾಯಿತು. ಅದರಿಂದ ಗಿರಾಕಿಯ ಕಷ್ಟ ಬದಲಾಗುವುದುಂಟೆ?

ಬೆಲೆಯನ್ನು ಇಲ್ಲಿ ಅಚ್ಚು ಹಾಕಿದರೆ ನಾಡಿದ್ದಿಗೆ ಹಳತು. ಆದರೆ ಏಣಿಯ ಮೆಟ್ಟಿಲು ಯಾವಾಗಲೂ ಒಂದೇ. ಕೆಳಗೆ ಏರ್‌ಗನ್ನಿನ ಸಣ್ಣ ಸೀಸದ ಗುಂಡು, ಅದು ಕಡಲೆಕಾಯಿ ರೇಟು. ಅದರ ಮೇಲೆ ಪಾಯಿಂಟ್ 22. ಅದರ ಮೇಲೆ 12 ಬೋರ್ ಕಾಡತೂಸು. ಎಲ್ಲಕ್ಕೂ ಮೇಲೆ ದೊಡ್ಡ ರೈಫಲಿನ ಗುಂಡು, ಅಂದರೆ ಪಾಯಿಂಟ್ 315. ಸೈನ್ಯದ ಪಾಯಿಂಟ್ 303 ಗುಂಡು ಸಾರ್ವಜನಿಕರ ಕೋವಿಗೆ ಹೊಂದಬಾರದೆಂದು ಬೇರೆ ಅಳತೆಯಾಗಿ ಬಳಕೆಗೆ ಬಂದದ್ದೇ ಈ 315. ಅದನ್ನು ದಿನಾ ಅಭ್ಯಾಸಕ್ಕೆ ಹಾರಿಸುವುದೆಂದರೆ ನೋಟು ಸುಟ್ಟು ಚಹಾ ಕಾಯಿಸಿದ ಹಾಗೆ.

ಹಾಗಾದರೆ ಬುದ್ಧಿವಂತ ಏನು ಮಾಡಬೇಕು? ಏಣಿಯ ಕೆಳ ಮೆಟ್ಟಿಲಲ್ಲಿ ಕಲಿತು, ಮೇಲಿನ ಮೆಟ್ಟಿಲಲ್ಲಿ ಪರೀಕ್ಷೆ ಕೊಡಬೇಕು. ನಡೆಯುತ್ತಿರುವುದು ತಲೆಕೆಳಗು. ಕಲಿಯುವುದೂ 12 ಬೋರಿನಲ್ಲೇ, ಪರೀಕ್ಷೆಯೂ ಅದರಲ್ಲೇ, ಅದೂ ವರ್ಷಕ್ಕೊಂದೇ ಸಲ!

ಒದೆಯ ಲೆಕ್ಕ

ಕೋವಿ ಒದೆಯುತ್ತದೆ ಅಂತಾರೆ. ಒದೆಯೆಂದರೆ ಎಷ್ಟು? ಅಂಗಡಿ ಲೆಕ್ಕದಲ್ಲೇ ನೋಡಬಹುದು.

ಸಾಮಾನ್ಯ 12 ಬೋರ್ ಕಾಡತೂಸಿನಲ್ಲಿ 32 ಗ್ರಾಂ ಚರೆ ಎಂದಿಟ್ಟುಕೊಳ್ಳಿ. ಅದು ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತದೆ. ಮುಂದೆ ಹೋದದ್ದಕ್ಕೆ ಸರಿಯಾಗಿ ಕೋವಿ ಹಿಂದೆ ಬರಲೇಬೇಕು, ಅದು ನ್ಯೂಟನ್ನನ ಕಾನೂನು, ಅದಕ್ಕೆ ಯಾವ ಜಿಲ್ಲೆಗೂ ವಿನಾಯಿತಿ ಇಲ್ಲ. 3 ಕಿಲೋ ತೂಕದ ಕೋವಿ ಆಗ ಸೆಕೆಂಡಿಗೆ ನಾಲ್ಕೂವರೆ ಮೀಟರಿನಂತೆ ಹಿಂದಕ್ಕೆ ಬರುತ್ತದೆ. ಗಂಟೆಗೆ 16 ಕಿಲೋಮೀಟರ್. ಮೂರು ಕಿಲೋ ಅಕ್ಕಿ ಚೀಲ ಸೈಕಲ್ ವೇಗದಲ್ಲಿ ಬಂದು ಹೆಗಲಿಗೆ ಬಡಿದ ಹಾಗೆ!

ಪಾಯಿಂಟ್ 22ರ ಗುಂಡು ತೂಗುವುದು ಎರಡೂವರೆ ಗ್ರಾಂ ಚಿಲ್ಲರೆ. ಅಷ್ಟೇ ತೂಕದ ಕೋವಿಯಲ್ಲಿ ಅದರ ಒದೆ ಸೆಕೆಂಡಿಗೆ ಒಂದು ಅಡಿಯ ವೇಗ. ಮಗು ತೋಳು ತಟ್ಟಿದ ಹಾಗೆ.

ಈ ಲೆಕ್ಕದಲ್ಲೇ ಮದ್ದೂ ಇದೆ. ಒಂದು, ಕೋವಿ ಭಾರವಾದಷ್ಟೂ ಒದೆ ಕಡಿಮೆ. 3 ಕಿಲೋ ಕೋವಿಯ ಬದಲು 4 ಕಿಲೋ ಕೋವಿಯಾದರೆ ಒದೆಯ ಶಕ್ತಿ ಕಾಲು ಭಾಗ ಇಳಿಯುತ್ತದೆ. ಹಗುರ ಕೋವಿ ಹೊರಲು ಸುಖ, ಹಾರಿಸಲು ಕಷ್ಟ. ಎರಡು, ಚರೆ ಕಡಿಮೆ ಮಾಡಿದರೆ ಒದೆ ಇನ್ನೂ ಬೇಗ ಇಳಿಯುತ್ತದೆ. 32 ಗ್ರಾಂ ಬದಲು 24 ಗ್ರಾಂ ಆದರೆ, ವೇಗ ಅಷ್ಟೇ ಇದ್ದರೂ, ಒದೆಯ ಶಕ್ತಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಡಿಮೆ.

24 ಗ್ರಾಂ ಅಂದರೆ ಮಕ್ಕಳಾಟವೇ? ಅಲ್ಲ ಸ್ವಾಮೀ! ಒಲಿಂಪಿಕ್ಸಿನ ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳಲ್ಲಿ ಹಾರುವ ಮಣ್ಣಿನ ಬಿಲ್ಲೆ ಒಡೆಯುವುದು ಈ 24 ಗ್ರಾಮಿನ ಕಾಡತೂಸಿನಿಂದಲೇ. ಹಾರುವ ಬಿಲ್ಲೆಗೆ ಸಾಕಾದದ್ದು ಮೈದಾನದ ಅಭ್ಯಾಸಕ್ಕೆ ಸಾಲದೇ? ಒಂದು ಸುತ್ತಿಗೆ 25 ಗುಂಡು ಎಂದರೆ 32 ಗ್ರಾಮಿನಲ್ಲಿ 800 ಗ್ರಾಂ ಸೀಸ, 24 ಗ್ರಾಮಿನಲ್ಲಿ 600 ಗ್ರಾಂ. ಒಂದೇ ಸುತ್ತಿನಲ್ಲಿ 200 ಗ್ರಾಂ ಸೀಸ ಉಳಿಯಿತು. ಹೆಗಲು ಉಳಿದದ್ದು ಬೇರೆ.

ಬಸ್ಸಿನಲ್ಲಿ ನಿಲ್ಲುವವನಿಗೆ ಗೊತ್ತು

ಮಡಿಕೇರಿಯಿಂದ ಗೋಣಿಕೊಪ್ಪಕ್ಕೆ ನಿಂತೇ ಹೋಗುವವರಿಗೆ ಒದೆ ತಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ತಿರುವಿನಲ್ಲಿ ಡ್ರೈವರು ಬ್ರೇಕ್ ಒತ್ತಿದಾಗ ಎರಡೂ ಕಾಲು ಜೋಡಿಸಿ ನೆಟ್ಟಗೆ ನಿಂತವನು ಪಕ್ಕದವರ ಮಡಿಲಿಗೆ ಬೀಳುತ್ತಾನೆ. ಒಂದು ಕಾಲು ಮುಂದಿಟ್ಟು, ಮೊಣಕಾಲು ಸ್ವಲ್ಪ ಸಡಿಲ ಬಿಟ್ಟು, ಕಂಬಿ ಹಿಡಿದವನು ನಿಲ್ಲುತ್ತಾನೆ. ಕೋವಿಯದೂ ಅದೇ ಸೂತ್ರ.

ಎಡಗಾಲು ಮುಂದೆ, ಮೈಭಾರ ಮುಂಗಾಲಿನ ಮೇಲೆ. (ಎಡಚರಿಗೆ ತಿರುಗುಮುರುಗು.) ಕೋವಿಯ ಬುಡ ತೋಳಿನ ಮೂಳೆಯ ಮೇಲೆ ಬೇಡ, ಕತ್ತಿನ ಎಲುಬಿನ ಮೇಲೂ ಬೇಡ. ಅವೆರಡರ ನಡುವೆ ಹೆಗಲಿನಲ್ಲಿ ಒಂದು ಗುಳಿ ಇದೆ, ಅಲ್ಲಿ ಬಿಗಿಯಾಗಿ ಕೂರಬೇಕು. ಒದೆ ತಪ್ಪಿಸಿಕೊಳ್ಳಲು ಕೋವಿಯನ್ನು ಹೆಗಲಿನಿಂದ ಒಂದಿಷ್ಟು ದೂರ ಹಿಡಿಯುವವರಿದ್ದಾರೆ. ಅವರಿಗೇ ಜೋರಾಗಿ ಬೀಳುವುದು! ಅಂಟಿಕೊಂಡಿದ್ದರೆ ಕೋವಿ ತಳ್ಳುತ್ತದೆ, ಸಂದು ಬಿಟ್ಟರೆ ಬಡಿಯುತ್ತದೆ. ತಳ್ಳುವುದಕ್ಕೂ ಬಡಿಯುವುದಕ್ಕೂ ಇರುವ ವ್ಯತ್ಯಾಸ ರಾತ್ರಿ ಮಲಗುವಾಗ ತಿಳಿಯುತ್ತದೆ. ಕೆನ್ನೆ ಮರಕ್ಕೆ ತಾಗಿರಲಿ. ಬುಡಕ್ಕೆ ಒಂದು ರಬ್ಬರ್ ಮೆತ್ತೆ ಹಾಕಿದರೆ ಅದೇನೂ ಹೇಡಿತನವಲ್ಲ.

ಅಜ್ಜನ ಕೋವಿ ಮೊಮ್ಮಗಳ ತೋಳಿಗೆ ಉದ್ದವಾಗಿರುತ್ತದೆ ಎಂಬುದನ್ನೂ ನೋಡಬೇಕು. ಈಗ ಹೆಣ್ಣುಮಕ್ಕಳೂ ಸ್ಪರ್ಧೆಗೆ ನಿಲ್ಲುತ್ತಿದ್ದಾರೆ, ಸಂತೋಷ. ಆದರೆ ಆರಡಿ ಆಳಿಗೆ ಮಾಡಿದ ಕೋವಿಯನ್ನು ಅವರ ಕೈಗೆ ಕೊಟ್ಟು, ಭಾರಿ ಕಾಡತೂಸು ತುಂಬಿ, ಅವರು ಹಿಂದಕ್ಕೆ ಜೋಲಿ ಹೊಡೆದಾಗ ಸುತ್ತ ನಿಂತು ನಗುವುದು ಯಾವ ಸೀಮೆ ಶೌರ್ಯ?

ಕಣ್ಣು ಮುಚ್ಚುವ ರೋಗ

ಒದೆಯ ನಿಜವಾದ ಕೆಡುಕು ಭುಜದ ನೀಲಿ ಗುರುತಲ್ಲ. ಅದು ನಾಲ್ಕು ದಿನದಲ್ಲಿ ಮಾಯುತ್ತದೆ. ಕೆಡುಕು ಮನಸ್ಸಿನಲ್ಲಿ ಕೂರುತ್ತದೆ. ಒಮ್ಮೆ ಜೋರಾಗಿ ಒದೆ ತಿಂದವನು ಮುಂದಿನ ಸಲ ಕುದುರೆ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತಾನೆ, ಹೆಗಲು ಹಿಂದೆಗೆಯುತ್ತಾನೆ, ಬೆರಳನ್ನು ಜಗ್ಗುತ್ತಾನೆ. ನಳಿಗೆ ಅತ್ತಿತ್ತ ಹೋಗುತ್ತದೆ. ತೆಂಗಿನಕಾಯಿ ಬಚಾವು. ಗುಂಡು ಎಲ್ಲಿಗೆ ಹೋಯಿತು?

ಇದೇ ಪ್ರಶ್ನೆ. ಸಣ್ಣ ಚರೆ ಕೆಲವು ನೂರು ಮೀಟರಿನೊಳಗೆ ಬಿದ್ದುಹೋಗುತ್ತದೆ. ಆದರೆ ‘ಪಾಪದ್ದು’ ಎನಿಸಿಕೊಂಡ ಪಾಯಿಂಟ್ 22ರ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ದೊಡ್ಡ ರೈಫಲಿನದು ಇನ್ನೂ ದೂರ. ಕಾಯಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ, ಆಕಾಶಕ್ಕೆ ಮುಖ ಮಾಡಿ ಹಾರಿಸುವ ಕಡೆ, ಆ ಗುಂಡು ಯಾರ ತೋಟದ ಲೈನುಮನೆ ಮೇಲೆ ಇಳಿಯುತ್ತದೆ ಎಂದು ಕೇಳುವವರಿಲ್ಲ.

ರೋಗ ಇದೆಯೋ ಇಲ್ಲವೋ ತಿಳಿಯಲು ಸುಲಭ ಉಪಾಯವಿದೆ. ಮದ್ದಿಲ್ಲದ ಸುಳ್ಳು ಕಾಡತೂಸನ್ನು ಬೇರೆಯವರು ಕೋವಿಗೆ ತುಂಬಿ ಕೊಡಬೇಕು, ಹಾರಿಸುವವನಿಗೆ ಹೇಳಬಾರದು. ಕುದುರೆ ಎಳೆದಾಗ ಸದ್ದಿಲ್ಲ, ಒದೆಯಿಲ್ಲ, ಆದರೂ ನಳಿಗೆ ಬೆಚ್ಚಿದರೆ ರೋಗ ಇದೆ ಎಂದರ್ಥ. ಮದ್ದು? ಮತ್ತೆ ಕೆಳ ಮೆಟ್ಟಿಲಿಗೆ. ಪಾಯಿಂಟ್ 22, ಇಲ್ಲವೇ ಏರ್‌ಗನ್. 20 ಜೂಲ್ ಮೀರದ ಪಾಯಿಂಟ್ 177 ಏರ್‌ಗನ್ನಿಗೆ ಲೈಸೆನ್ಸೂ ಬೇಡ. ಅಭಿನವ್ ಬಿಂದ್ರಾ 2008ರಲ್ಲಿ ದೇಶಕ್ಕೆ ಒಲಿಂಪಿಕ್ ಚಿನ್ನ ತಂದದ್ದು 10 ಮೀಟರ್ ಏರ್ ರೈಫಲಿನಲ್ಲೇ ಹೊರತು ಆನೆ ಹೊಡೆಯುವ ಕೋವಿಯಲ್ಲಲ್ಲ!

ಬೆಚ್ಚುವುದಕ್ಕೆ ಒದೆಯಷ್ಟೇ ಕಾರಣ ಸದ್ದು. 12 ಬೋರಿನ ಸದ್ದು 140 ಡೆಸಿಬಲ್ ದಾಟುತ್ತದೆ. ಅಷ್ಟು ಸದ್ದು ಒಂದೇ ಸಲಕ್ಕೂ ಕಿವಿಗೆ ಪೆಟ್ಟು ಕೊಡಬಲ್ಲದು, ಕೆಟ್ಟ ಕಿವಿ ಸರಿಹೋಗದೆಯೂ ಇರಬಹುದು. ಕಿವಿಗೆ ಬೆಣೆ ಹಾಕಿಕೊಂಡರೆ ನಗುವವರು ನಗಲಿ. ಮುಂದೆ ಬಸ್ಸಿನ ಕಂಡಕ್ಟರು ‘ಎಲ್ಲಿಗೆ?’ ಎಂದು ಮೂರು ಸಲ ಕೂಗಬೇಕಾಗುವುದು ನಕ್ಕವರಿಗೇ.

ಅಜ್ಜನ ಕೋವಿ, ಮೊನ್ನೆಯ ಕಾಡತೂಸು

ಇದು ಎಲ್ಲಕ್ಕಿಂತ ಗಂಭೀರ. ಕೊಡಗಿನ ಮನೆಗಳಲ್ಲಿರುವ ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಕಾಡತೂಸು ಕೂರುವ ಗೂಡು ಎರಡೂವರೆ ಅಂಗುಲದ್ದಿರುವುದುಂಟು, ಅಂದರೆ 65 ಮಿಲಿಮೀಟರ್. ಈಗಿನ ಕಾಡತೂಸು ಸಾಮಾನ್ಯವಾಗಿ 70 ಮಿಲಿಮೀಟರಿನದು. ಒಳಗೇನೋ ಹೋಗುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ‘ಅಜ್ಜನ ಕೋವಿ ಭಾರಿ ಒದೆಯುತ್ತೆ’ ಎಂದು ಹೆಮ್ಮೆಪಡುವವರು ಒಮ್ಮೆ ಗೂಡಿನ ಉದ್ದ ಅಳೆಸಿ ನೋಡಲಿ. ಆ ಒದೆ ಕೋವಿಯ ಪೌರುಷವಲ್ಲ, ಕೋವಿಯ ಕೂಗು.

ಹೊಗೆಮದ್ದಿನ ಕಾಲದಲ್ಲಿ ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಗಳು ಇನ್ನೊಂದು ಸಂಗತಿ. ನೋಡಲು ಬಲು ಅಂದ. ಪರೀಕ್ಷೆಯಾಗದ ಹೊರತು ಈಗಿನ ಮದ್ದಿನ ಕಾಡತೂಸನ್ನು ಅವಕ್ಕೆ ತುಂಬಬಾರದು. ಪೂಜೆಗೆ ಇಟ್ಟರೆ ಅವೂ ಕೋವಿಯೇ, ಹೂ ಮುಡಿಸಿ ಕೈ ಮುಗಿಯಲಿ.

ಮೂರನೆಯದು ಮಳೆ. ಮಳೆಗಾಲದ ಶೀತದಲ್ಲಿ ಉಪ್ಪಿನಕಾಯಿಯೂ ಬೂಸ್ಟು ಹಿಡಿಯುವ ಊರಿದು. ತುಟ್ಟಿಯೆಂದು ವರ್ಷಗಟ್ಟಲೆ ಕೂಡಿಟ್ಟ ಕಾಡತೂಸು ಉಬ್ಬುತ್ತದೆ, ಹಿತ್ತಾಳೆ ಹಸಿರಾಗುತ್ತದೆ, ಮದ್ದು ಮಂದವಾಗುತ್ತದೆ. ಹಾರಿಸಿದರೆ ‘ಟುಸ್’ ಎಂದು ಅರೆಸದ್ದು. ಒಳಗಿನ ಬಿರಟೆ ನಳಿಗೆಯ ನಡುವೆಯೇ ನಿಲ್ಲಬಹುದು. ಸ್ಪರ್ಧೆಯ ಬಿಸಿಯಲ್ಲಿ ನಳಿಗೆ ನೋಡದೆ ಮುಂದಿನದನ್ನು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಎಡಗೈ ಇರುವುದು ಅಲ್ಲೇ! 20 ಬೋರಿನ ಕಾಡತೂಸು 12 ಬೋರಿನೊಳಗೆ ಜಾರಿ ಮುಂದೆ ಸಿಕ್ಕಿಕೊಂಡು, ಅದರ ಹಿಂದೆ 12 ಬೋರಿನದನ್ನು ತುಂಬಿದರೂ ಅದೇ ಗತಿ. ಅದಕ್ಕೆಂದೇ 20 ಬೋರಿನ ಕಾಡತೂಸಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡುವ ಮನೆಯವರು ಇವತ್ತೇ ಬೇರೆ ಮಾಡಲಿ.

ದುಡ್ಡು ಉಳಿಸಲು ಹಳೇ ಖೋಲಿಗೆ ಮನೆಯಲ್ಲೇ ಮದ್ದು ತುಂಬುವ ಸಾಹಸವಂತೂ ಬೇಡವೇ ಬೇಡ. ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ, ಮದ್ದುಗುಂಡು ತಯಾರಿಸಲು ಇಲ್ಲ.

‘ಒದೆ ತಿಂದೇ ಕಲೀಬೇಕು’ ಎನ್ನುವವರಿಗೆ

ಹಿರಿಯರ ಒಂದು ವಾದವಿದೆ. ನಾವೆಲ್ಲ ಒದೆ ತಿಂದೇ ಕಲಿತೆವು, ಈಗಿನ ಹುಡುಗರಿಗೆ ಮೆತ್ತೆ ಬೇಕಂತೆ, ಕಿವಿಗೆ ಬೆಣೆ ಬೇಕಂತೆ ಎಂದು. ಅವರ ಮಾತಿಗೆ ಗೌರವವಿದೆ. ಆದರೆ ಆ ಕಾಲದ ಹುಡುಗ ವರ್ಷಕ್ಕೆ ಒಂದೇ ಗುಂಡು ಹಾರಿಸುತ್ತಿರಲಿಲ್ಲ. ಬೇಟೆ ಇತ್ತು, ಕೋವಿ ದಿನವೂ ಕೈಯಲ್ಲಿತ್ತು, ಜೊತೆಗೆ ಕಿವಿ ಹಿಂಡಿ ಕಲಿಸುವ ಮಾವ ಇದ್ದ. ಆ ಕಾಡೂ ಇಲ್ಲ, ಆ ಬೇಟೆಯೂ ಇಲ್ಲ, ಇರಬೇಕೆಂದು ಕಾನೂನೂ ಹೇಳುವುದಿಲ್ಲ. ಉಳಿದಿರುವುದು ಒದೆ ಮಾತ್ರ. ಶಾಲೆ ಮುಚ್ಚಿ ಬೆತ್ತ ಮಾತ್ರ ಇಟ್ಟುಕೊಂಡರೆ ವಿದ್ಯೆ ಬಂದೀತೇ?

ಇನ್ನೊಂದು ವಾದ: ಹಗುರ ಕಾಡತೂಸಿಗೆ ಕಾಯಿ ಒಡೆಯುವುದಿಲ್ಲ. ಸರಿ, ಹಬ್ಬದ ದಿನ ಭಾರದ್ದನ್ನೇ ತುಂಬಲಿ. ಅದರ ಹಿಂದಿನ ತಿಂಗಳು ಪೂರ್ತಿ ಹಗುರದ್ದರಲ್ಲಿ ಕೈ ಪಳಗಿರಲಿ. ಪಳಗಿದ ಕೈಗೆ ಒಂದು ಕಾಡತೂಸು ಸಾಕು, ಪಳಗದ ಕೈಗೆ ಪೆಟ್ಟಿಗೆ ತುಂಬ ಸಾಲದು. ಉಳಿತಾಯ ಎಂದರೆ ಇದು.

ಮಾಡಬಹುದಾದದ್ದು

ಕೆಲಸ ದೊಡ್ಡದೇನಲ್ಲ. ಸ್ಪರ್ಧೆ ನಡೆಸುವ ಸಮಾಜಗಳು, ಯುವಕ ಸಂಘಗಳು ಹಬ್ಬಕ್ಕೆ ಮುಂಚೆ ನಾಲ್ಕು ಭಾನುವಾರ ಏರ್‌ಗನ್, ಪಾಯಿಂಟ್ 22ರ ಅಭ್ಯಾಸ ಇಡಲಿ. ಹಾರಿಸುವ ಸಾಲಿನಲ್ಲಿ ಒಬ್ಬ ನಿವೃತ್ತ ಸೈನಿಕ ನಿಲ್ಲಲಿ, ಅಂಥವರಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ಕೋವಿ ಸಾಲಿಗೆ ಬರುವ ಮುಂಚೆ ಗೂಡಿನ ಅಳತೆ, ನಳಿಗೆಯ ಸ್ಥಿತಿ ನೋಡಿದ ಚೀಟಿ ಇರಲಿ. ಕಾಯಿಯ ಹಿಂದೆ ಮಣ್ಣಿನ ದಿಬ್ಬ ಇಲ್ಲದಿದ್ದರೆ ಸ್ಪರ್ಧೆಯೇ ಬೇಡ. ಕುಡಿದವನ ಕೈಗೆ ಕೋವಿ ಬೇಡ, ಅವನು ಎಷ್ಟೇ ದೊಡ್ಡ ಮನೆಯವನಾದರೂ ಸರಿ.

ಕಾಡತೂಸು ಮಾರುವ ಅಂಗಡಿಯವರು ಹಗುರ ಮಾಲನ್ನೂ ತರಿಸಿ ಇಡಲಿ. ‘ಕೇಳುವವರಿಲ್ಲ, ಅದಕ್ಕೆ ತರಿಸುವುದಿಲ್ಲ’ ಅಂತಾರೆ ಅಂಗಡಿಯವರು. ‘ತರಿಸುವುದಿಲ್ಲ, ಅದಕ್ಕೆ ಕೇಳುವುದಿಲ್ಲ’ ಅಂತಾರೆ ಗಿರಾಕಿಗಳು. ನಾಲ್ಕು ಸಂಘ ಸೇರಿ ಕಾನೂನಿನ ಮಿತಿಯೊಳಗೆ ಮುಂಗಡ ಆರ್ಡರು ಕೊಟ್ಟರೆ ಈ ಜಗಳ ಒಂದೇ ದಿನದಲ್ಲಿ ಮುಗಿಯುತ್ತದೆ. ಜಿಲ್ಲಾಡಳಿತ ಒಂದು ಶಾಶ್ವತ ಅಭ್ಯಾಸದ ಮೈದಾನಕ್ಕೆ ಜಾಗ ತೋರಿಸಲಿ. ವರ್ಷಕ್ಕೊಂದು ದಿನ ಬಂದೋಬಸ್ತಿಗೆ ಪೊಲೀಸರನ್ನು ಕಳಿಸುವುದಕ್ಕಿಂತ ಅದು ವಾಸಿ.

2029 ದೂರವಿಲ್ಲ. ಆ ದಿನ ಅರ್ಜಿ ಹಿಡಿದು ದಿಲ್ಲಿಗೆ ಹೋಗುವವರ ಕೈಯಲ್ಲಿ, ಇಷ್ಟು ವರ್ಷ ಇಷ್ಟು ಸ್ಪರ್ಧೆ ನಡೆದವು, ಒಬ್ಬರಿಗೂ ಗಾಯವಾಗಲಿಲ್ಲ ಎಂಬ ಪಟ್ಟಿ ಇದ್ದರೆ ಅದಕ್ಕಿಂತ ದೊಡ್ಡ ವಕೀಲ ಬೇಕಿಲ್ಲ. ಆ ಪಟ್ಟಿ ಬರೆಯಲು ಶುರು ಮಾಡಬೇಕಾದದ್ದು ಬರುವ ಕೈಲ್ ಮುಹೂರ್ತದಿಂದಲೇ. ಸಮಾಜಗಳ ಪದಾಧಿಕಾರಿಗಳು ಹಬ್ಬದ ಊಟದ ಪಟ್ಟಿ ಹಾಕುವ ಮೊದಲ ಸಭೆಯಲ್ಲೇ ಇದನ್ನೂ ಒಂದು ವಿಷಯವಾಗಿ ಇಡುವರೇ?